ಬಣ್ಣ ಬೆರೆಸಿದವರು ಯಾರು?

ಅಸರ್ ನಮಾಝ್ ಮುಗಿಸಿ ಮನೆಗೆ ಮರಳುವಾಗ ರಸ್ತೆ ಬದಿಯ ತಳ್ಳುಗಾಡಿಯ ಮುಂದೆ ಒಮ್ಮೆಯೂ ನಿಲ್ಲದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಒಂದು ಪೊಟ್ಟಣ ಚರುಮುರಿ, ಒಂದು ಪ್ಲೇಟ್ ಗೋಬಿ ಮಂಚೂರಿ, ಮಕ್ಕಳಿಗೆಂದು ಬೇಯಿಸಿದ ನೆಲಗಡಲೆ. ಹಣ ಕೊಟ್ಟೆವು, ತಿನಿಸು ಪಡೆದೆವು, ವ್ಯವಹಾರ ಮುಗಿಯಿತು ಎಂದು ಭಾವಿಸುತ್ತೇವೆ. ಮಾರುವವನು ನಾಳೆ ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕೆಂಬುದು ನಮಗೆಲ್ಲ ಗೊತ್ತು. ಆದರೆ ಕೊಳ್ಳುವವನಿಗೆ ಲೆಕ್ಕವಿಲ್ಲವೇ?

ಈ ಪ್ರಶ್ನೆಯನ್ನು ನನ್ನ ಮನಸ್ಸಿನಲ್ಲಿ ಬಿತ್ತಿದವನು ಯಾವ ವಿದ್ವಾಂಸನೂ ಅಲ್ಲ, ನಮ್ಮೂರ ಬಸ್ ನಿಲ್ದಾಣದ ಬಳಿ ಗೋಬಿ ಮಾರುವ ಒಬ್ಬ ಯುವಕ. 2024ರ ಒಂದು ಸಂಜೆ ಅವನ ಗಾಡಿಯ ಮುಂದೆ ನಿಂತಾಗ ಎಂದಿನ ಕೆಂಪು ಕಾಣಲಿಲ್ಲ. “ಇದೇನು ಮಾರಾಯ, ಹೀಗೆ ಮಾಸಿದೆ? ನಿನ್ನೆಯದ್ದೋ?” ಎಂದೆ. ಅವನು ನಕ್ಕು, “ಮಾಸ್ಟ್ರೇ, ಈಗಷ್ಟೇ ಎಣ್ಣೆಯಿಂದ ತೆಗ್ದದ್ದು. ಬಣ್ಣ ಹಾಕ್ಲಿಲ್ಲ, ಅಷ್ಟೆ. ಬಣ್ಣ ಹಾಕ್ಬೇಡಿ ಅಂತ ಸರಕಾರ ಹೇಳ್ತದೆ, ಬಣ್ಣ ಇಲ್ಲದಿದ್ರೆ ನೀವು ತಗೊಳ್ಳುದಿಲ್ಲ. ನಾನು ಯಾರ ಮಾತು ಕೇಳ್ಬೇಕು?” ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಮಕ್ಕಳು ಒಪ್ಪಲಾರರು ಎಂಬ ನೆಪ ಹೇಳಿ ಬರಿಗೈಯಲ್ಲಿ ಹೊರಟೆ. ಸ್ವಲ್ಪ ಮುಂದೆ ಇನ್ನೊಂದು ಗಾಡಿಯಲ್ಲಿ ಕೆಂಪಗಿನ ಗೋಬಿ ಇತ್ತು. ಅದನ್ನೇ ಕಟ್ಟಿಸಿಕೊಂಡು ಮನೆಗೆ ಬಂದೆ.

ಅದೇ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬಳಸುವುದನ್ನೂ ನಿಷೇಧಿಸಿತ್ತು. ಪರೀಕ್ಷೆಗೊಳಪಡಿಸಿದ ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ರೋಡಮಿನ್-ಬಿ ಎಂಬುದು ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಆಹಾರದಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣ ಹಾಕಬಾರದೆಂಬ ಆದೇಶ ಬಂತು. ಈ ಸುದ್ದಿಗಳನ್ನು ಓದಿ “ಎಂಥ ದುಷ್ಟ ವ್ಯಾಪಾರಿಗಳು!” ಎಂದು ಉದ್ಗರಿಸಿದವರಲ್ಲಿ ನಾನೂ ಒಬ್ಬ. ಆದರೆ ಯೋಚಿಸಿ ನೋಡಿ. ಬಣ್ಣದಿಂದ ಗೋಬಿಯ ರುಚಿ ಹೆಚ್ಚುವುದಿಲ್ಲ, ಹೊಟ್ಟೆಯೂ ತುಂಬುವುದಿಲ್ಲ. ಅದು ಬೇಕಾಗಿರುವುದು ನಮ್ಮ ಕಣ್ಣಿಗೆ. ಬೆರೆಸಿದ್ದು ಅವನ ಕೈ, ಬೇಡಿದ್ದು ನಮ್ಮ ಕಣ್ಣು.

ಹಾಗೆಂದು ಮಾರುವವನ ಹೊಣೆ ಇಳಿಯುವುದಿಲ್ಲ. ಪ್ರವಾದಿಯವರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳುಗಳು ಒದ್ದೆಯಾದ ಘಟನೆ ನಿಮಗೆ ತಿಳಿದೇ ಇದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಸಮಜಾಯಿಷಿ ಹೇಳಿದ. ಹಾಗಾದರೆ ನೆನೆದುದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಪ್ರವಾದಿಯವರು(ಸ) ಕೇಳಿದರು. ವಂಚಿಸುವವನು ತಮ್ಮವರಲ್ಲಿ ಸೇರಿದವನಲ್ಲವೆಂದು ಎಚ್ಚರಿಸಿದರು. ಆದರೆ ನಮ್ಮ ಕಾಲದ ಸ್ಥಿತಿ ವಿಚಿತ್ರವಾಗಿದೆ. ಇದ್ದುದನ್ನು ಇದ್ದಂತೆ ಮೇಲಿಟ್ಟವನನ್ನು ಬಿಟ್ಟು, ಮುಚ್ಚಿ ಮಾರುವವನ ಬಳಿಗೆ ನಾವೇ ಹೋಗುತ್ತೇವೆ. ಪಾಪದಲ್ಲಿ ಪರಸ್ಪರ ಸಹಕರಿಸಬಾರದೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಪ್ರಾಮಾಣಿಕನಿಗೆ ನಷ್ಟವನ್ನೂ ವಂಚಕನಿಗೆ ಲಾಭವನ್ನೂ ಮಾಡಿಕೊಡುವುದು ಸಹಕಾರವಲ್ಲದೆ ಇನ್ನೇನು?

ಆಹಾರದ ವಿಷಯದಲ್ಲಿ ಕುರ್‌ಆನ್ ಎರಡು ಪದಗಳನ್ನು ಜೊತೆಯಾಗಿ ಇಟ್ಟಿದೆ: ಹಲಾಲ್ ಮತ್ತು ತಯ್ಯಿಬ್. ಧರ್ಮಸಮ್ಮತವೂ ಆಗಿರಬೇಕು, ಶುದ್ಧವೂ ಉತ್ತಮವೂ ಆಗಿರಬೇಕು. ನಾವು ಮೊದಲನೆಯದನ್ನು ಮಾತ್ರ ವಿಚಾರಿಸುತ್ತೇವೆ. “ಹಲಾಲ್ ತಾನೇ?” ಎಂದು ನೂರು ಸಲ ಕೇಳುವ ನಾವು, “ಎಣ್ಣೆ ಎಷ್ಟನೆಯ ಸಲದ್ದು?” ಎಂದು ಒಂದು ಸಲವೂ ಕೇಳುವುದಿಲ್ಲ. ಕೇಳಿದರೂ ಒಳ್ಳೆಯ ಎಣ್ಣೆಯ ಬೆಲೆ ಕೊಡಲು ಸಿದ್ಧರಿಲ್ಲ. ದೊಡ್ಡ ಹೋಟೆಲಿನ ಬಿಲ್ಲಿಗೆ ಮರುಮಾತಿಲ್ಲದೆ ಹಣವಿಟ್ಟು, ಗಾಡಿಯವನ ಬಳಿ ಐದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ‘ಅಲ್‌ಮುತಫ್ಫಿಫೀನ್’ ಎಂಬ 83ನೆಯ ಅಧ್ಯಾಯವು, ತಾನು ಪಡೆಯುವಾಗ ಪೂರ್ತಿ ಅಳೆಸಿಕೊಂಡು ಇತರರಿಗೆ ಕೊಡುವಾಗ ಕಡಿಮೆ ಮಾಡುವವರಿಗೆ ನಾಶವನ್ನು ಸಾರುತ್ತದೆ. ಈ ಎಚ್ಚರಿಕೆ ತಕ್ಕಡಿ ಹಿಡಿದವನಿಗೆ ಮಾತ್ರ ಎಂದುಕೊಳ್ಳಬೇಡಿ. ಕೊಡುವ ಹಣವೂ ಒಂದು ಅಳತೆಯೇ.

ಹಾಗಾದರೆ ರಸ್ತೆ ಬದಿಯಲ್ಲಿ ಕೊಳ್ಳುವುದನ್ನೇ ಬಿಟ್ಟುಬಿಡೋಣವೇ? ಅದು ಸುಲಭದ ಉತ್ತರ, ನ್ಯಾಯದ ಉತ್ತರವಲ್ಲ. ಸ್ವಂತ ಕೈಯ ದುಡಿಮೆಯ ಅನ್ನಕ್ಕಿಂತ ಉತ್ತಮವಾದುದಿಲ್ಲವೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ, ಪ್ರವಾದಿ ದಾವೂದರನ್ನು(ಅ) ಅದಕ್ಕೆ ಉದಾಹರಣೆಯಾಗಿ ತೋರಿಸಿದ್ದಾರೆ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲೆಂದೇ ನಮ್ಮ ದೇಶ 2014ರಲ್ಲಿ ಕಾನೂನು ಮಾಡಿದೆ. ಬಿಸಿಲಲ್ಲಿ ನಿಂತು ಸಂಸಾರ ಸಾಕುವವನ ಕೈಬಿಡುವುದು ಧರ್ಮವಲ್ಲ, ಅವನಿಗೆ ಒಳಿತಿನಲ್ಲಿ ನೆರವಾಗುವುದು ಧರ್ಮ. ಧರ್ಮವೆಂದರೆ ಹಿತಚಿಂತನೆ ಎಂಬುದು ಪ್ರವಾದಿ ಬೋಧನೆಯ ಸಾರ. ಶುಚಿಯಾಗಿ ಮಾಡುವವನನ್ನು ಹುಡುಕಿ ಕೊಳ್ಳಿ. ತಪ್ಪು ಕಂಡರೆ ನಾಲ್ಕು ಜನರೆದುರು ಅವಮಾನಿಸದೆ ಮೆಲ್ಲಗೆ ಹೇಳಿ. ಸರಿಪಡಿಸಿಕೊಂಡರೆ ಮತ್ತೆ ಅವನ ಬಳಿಗೇ ಹೋಗಿ. ಈ ಕೊನೆಯ ಮಾತನ್ನೇ ನಾವು ಹೆಚ್ಚಾಗಿ ಮರೆಯುವುದು.

ನಾನೂ ಮರೆತಿದ್ದೆ. ಒಂದು ವಾರ ಕಳೆದು ಆ ಯುವಕನ ಗಾಡಿಗೆ ಹೋದಾಗ ಅವನ ಗೋಬಿಯೂ ಕೆಂಪಾಗಿತ್ತು. ನನ್ನನ್ನು ಕಂಡು, “ಬನ್ನಿ ಮಾಸ್ಟ್ರೇ, ಇವತ್ತು ಕಲರ್ ಉಂಟು” ಎಂದ. ಆ ಮಾತು ನನ್ನೆದೆಗೆ ನಾಟಿತು. ಆ ಬಣ್ಣದ ಡಬ್ಬಿಯನ್ನು ಅವನ ಕೈಗೆ ಮತ್ತೆ ಕೊಟ್ಟವರಲ್ಲಿ ನಾನೂ ಒಬ್ಬನಾಗಿದ್ದೆ. ನನ್ನ ತಪ್ಪನ್ನು ಒಪ್ಪಿಕೊಂಡು, ಇನ್ನು ಮುಂದೆ ಬಣ್ಣವಿಲ್ಲದ್ದೇ ಬೇಕು, ಬೆಲೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ ಎಂದೆ. ಅವನು ಕ್ಷಣ ಹೊತ್ತು ಸುಮ್ಮನಿದ್ದು, “ನೀವೊಬ್ರು ಹೇಳಿದ್ರೆ ಆಗುದಿಲ್ಲ ಮಾಸ್ಟ್ರೇ. ದಿನಾ ಬರುವ ನಾಲ್ಕು ಜನ ಹೇಳ್ಲಿ, ಈ ಡಬ್ಬಿ ಬಿಸಾಡ್ತೇನೆ” ಎಂದ.

ಪ್ರಿಯ ಓದುಗರೇ, ನಿಮ್ಮೂರಿನಲ್ಲೂ ಅಂಥ ಒಂದು ಗಾಡಿ ಇದೆ. ಆ ನಾಲ್ವರಲ್ಲಿ ನೀವೊಬ್ಬರಾಗುವಿರಾ? ನಮ್ಮ ಗಳಿಕೆಯಂತೆ ನಮ್ಮ ಖರ್ಚನ್ನೂ ಅಲ್ಲಾಹನು ಶುದ್ಧಗೊಳಿಸಲಿ. ಆಮೀನ್.