ಮೂಗು, ಕನ್ನಡಿ ಮತ್ತು ಆಚಾರಲಿಂಗ

ಷಟ್‌ಸ್ಥಲ ಸಿದ್ಧಾಂತದಲ್ಲಿ ಪಂಚೇಂದ್ರಿಯಗಳಿಗೂ ಹೃದಯಕ್ಕೂ ಒಂದೊಂದು ಲಿಂಗವನ್ನು ಹೇಳಿದೆ. ಘ್ರಾಣಕ್ಕೆ ಆಚಾರಲಿಂಗ, ಜಿಹ್ವೆಗೆ ಗುರುಲಿಂಗ, ನೇತ್ರಕ್ಕೆ ಶಿವಲಿಂಗ, ತ್ವಕ್ಕಿಗೆ ಜಂಗಮಲಿಂಗ, ಶ್ರೋತ್ರಕ್ಕೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಇವುಗಳಲ್ಲಿ ಮೊದಲನೆಯದೇ ಮೂಗಿನದು. ಭಕ್ತಸ್ಥಲವೂ ಪೃಥ್ವೀತತ್ತ್ವವೂ ಗಂಧದ ಅರ್ಪಣವೂ ಅದಕ್ಕೆ ಸೇರಿದುವು. ರೂಪದ ಅರ್ಪಣವಾದರೋ ಕಣ್ಣಿಗೆ ಸೇರಿದುದು, ಮೂಗಿಗಲ್ಲ. ಈ ವಿಂಗಡಣೆಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದವರು ಹಲವರಿದ್ದಾರೆ. ಮನೆಯಲ್ಲಿ ಒಂದು ಸಂಕಟ ಒದಗಿದಾಗ ಇದು ಯಾವ ಕೆಲಸಕ್ಕೆ ಬರುವುದೆಂಬುದನ್ನು ನೋಡಿದವರು ಮಾತ್ರ ಕಡಿಮೆ.

ತುಮಕೂರು ಸೀಮೆಯ ಒಬ್ಬ ಸದ್ಭಕ್ತರ ಮಗಳಿಗೆ ಹುಟ್ಟಿನಿಂದ ಅಜ್ಜನ ಮೂಗು: ನಡುವೆ ಸಣ್ಣದೊಂದು ದಿಬ್ಬ, ತುದಿ ಕೊಂಚ ದಪ್ಪ. 26ರ ವಯಸ್ಸಿನವರೆಗೆ ಅದು ಅವಳಿಗೆ ಯಾವ ಅಡ್ಡಿಯನ್ನೂ ಮಾಡಿರಲಿಲ್ಲ. ಹೆಣ್ಣು ನೋಡಲು ಬಂದ ಎರಡು ಮನೆಯವರು ಕಾಫಿ ಕುಡಿದು ಹೋಗಿ ಮೌನವಾದ ಮೇಲೆ, ಸೋದರತ್ತೆಯವರು ಅಡಿಗೆಮನೆಯಲ್ಲಿ ಆಡಿದ ಒಂದು ಮಾತು ಹುಡುಗಿಯ ಕಿವಿಗೆ ಬಿದ್ದಿತು. ಬೆಂಗಳೂರಿನಲ್ಲಿ ದುಡಿದು ಕೂಡಿಟ್ಟ ಹಣದಿಂದ, ತಂದೆತಾಯಿಗಳನ್ನು ಹೇಗೋ ಒಪ್ಪಿಸಿ, ಅವಳು ಮೂಗಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ದಿಬ್ಬ ಹೋಯಿತು. ಆದರೆ ಮೂರು ತಿಂಗಳು ಕಳೆದರೂ ತುದಿ ಊದಿಯೇ ಇತ್ತು. ಒಂದು ಹೊಳ್ಳೆ ಇನ್ನೊಂದಕ್ಕಿಂತ ಕಿರಿದಾಗಿ ಕಾಣುತ್ತಿತ್ತು. ಮೊದಲಿನದೇ ವಾಸಿಯಾಗಿತ್ತೆಂದು ಅವಳು ರಾತ್ರಿಯೆಲ್ಲ ಅಳತೊಡಗಿದಳು. ಬೇರೊಂದು ಕಡೆ ವಿಚಾರಿಸಲಾಗಿ, ಮುಂದಿನ ತಿಂಗಳೇ ಮತ್ತೆ ಕೊಯ್ದು ಸರಿಪಡಿಸಿಕೊಡುವೆವೆಂಬ ಭರವಸೆಯೂ ದೊರೆಯಿತು. ಹಣಕ್ಕೆ ಸಾಲದ ಏರ್ಪಾಡು ನಡೆದಿರುವಾಗ ತಂದೆತಾಯಿಗಳು ಮಗಳನ್ನು ಕರೆದುಕೊಂಡು ಮಠಕ್ಕೆ ಬಂದರು.

ಶ್ರೀಗಳವರು ರೂಪದ ಮಾತನ್ನೇ ಎತ್ತಲಿಲ್ಲ. “ಉಸಿರು ಸರಾಗವಾಗಿ ಆಡುತ್ತದೆಯೇ, ತಾಯಿ?” ಎಂದು ಕೇಳಿದರು. ಹುಡುಗಿ ತುಸು ಹೊತ್ತು ಸುಮ್ಮನಿದ್ದು, “ಮಲಗಿದಾಗ ಎಡಗಡೆ ಕಟ್ಟಿಕೊಳ್ಳುತ್ತದೆ, ಬುದ್ಧಿ. ಪೂಜೆಗೆ ಕುಳಿತರೆ ಸಂಪಿಗೆ ಹೂವಿನ ವಾಸನೆಯೂ ಮೊದಲಿನ ಹಾಗೆ ತಿಳಿಯುವುದಿಲ್ಲ” ಎಂದಳು. ತಾಯಿ ಬೆರಗಾಗಿ ಮಗಳ ಮುಖ ನೋಡಿದರು. ಆ ಮನೆಯಲ್ಲಿ ಮೂರು ತಿಂಗಳಿಂದ ಮೂಗಿನ ಮಾತಲ್ಲದೆ ಬೇರೆ ಮಾತಿರಲಿಲ್ಲ. ಉಸಿರಿನ ವಿಚಾರವನ್ನು ಮಾತ್ರ ಒಬ್ಬರೂ ಕೇಳಿರಲಿಲ್ಲ.

ಇಂತಹ ಪ್ರಸಂಗದಲ್ಲಿ ಕೆಲವು ಹಿರಿಯರು ಒಡನೆಯೇ ತೀರ್ಪು ಕೊಡುವರು: ಶಿವನಿತ್ತ ಅಂಗವನ್ನು ಕೊಯ್ಯಿಸಿದುದೇ ಅಪರಾಧ, ಎರಡನೆಯ ಸಲ ಕೊಯ್ಯಿಸುವುದು ಇಮ್ಮಡಿ ಅಪರಾಧ, ಎಂದು. ಈ ತೀರ್ಪು ಸುಲಭವಾದುದು. ಆದರೆ ಶರಣಮಾರ್ಗಕ್ಕೆ ಹೊಂದುವುದಲ್ಲ. ಬಸವಣ್ಣನವರು ದೇಹವನ್ನೇ ದೇಗುಲವಾಗಿ ಕಂಡವರು. ಶರಣರು ಲಿಂಗಾರ್ಪಿತವಾದ ಕಾಯವನ್ನು ಪ್ರಸಾದಕಾಯವೆಂದು ಕರೆದರು; ಅದನ್ನು ವೃಥಾ ನೋಯಿಸುವುದನ್ನು ಒಪ್ಪಲಿಲ್ಲ, ಅದರ ರೋಗವನ್ನು ಅಲಕ್ಷಿಸುವುದನ್ನೂ ಒಪ್ಪಲಿಲ್ಲ. ವೈದ್ಯವೃತ್ತಿಯನ್ನೇ ಕಾಯಕ ಮಾಡಿಕೊಂಡಿದ್ದ ವೈದ್ಯ ಸಂಗಣ್ಣನು ವಚನಕಾರರ ಸಾಲಿನಲ್ಲಿ ಗೌರವದ ಸ್ಥಾನ ಪಡೆದಿರುವುದು ಸರ್ವವಿದಿತ. ದೇಗುಲಕ್ಕೆ ಜೀರ್ಣೋದ್ಧಾರವೆಂಬುದು ಉಂಟು. ಆದರೆ ಗರ್ಭಗುಡಿಗೆ ಗಾಳಿ ಹೋಗುವ ದಾರಿಯನ್ನು ಮುಚ್ಚಿ ಶಿಖರವನ್ನು ಸಿಂಗರಿಸುವುದಕ್ಕೆ ಜೀರ್ಣೋದ್ಧಾರವೆಂದು ಯಾರೂ ಹೆಸರಿಡರು.

ಮೂಗನ್ನು ತಿದ್ದುವ ವಿದ್ಯೆಯು ಪರದೇಶದಿಂದ ಬಂದ ಹೊಸ ಹುಚ್ಚೆಂದು ತಿಳಿಯುವುದೂ ತಪ್ಪು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ತುಂಡಾದ ಮೂಗಿನ ಅಳತೆಗೆ ಎಲೆಯನ್ನು ಕತ್ತರಿಸಿಕೊಂಡು, ಆ ಪ್ರಮಾಣದಲ್ಲಿ ಕೆನ್ನೆಯ ಚರ್ಮವನ್ನೆತ್ತಿ ಕೂಡಿಸುವ ಕ್ರಮವಿದೆ. ಅಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಒಂದು, ಚರ್ಮವನ್ನು ಕೂಡಿಸುವಾಗ ಉಸಿರು ನಿಲ್ಲದಂತೆ ಹೊಳ್ಳೆಗಳಲ್ಲಿ ಎರಡು ನಳಿಗೆಗಳನ್ನಿಡಬೇಕೆಂಬ ವಿಧಿ. ಇನ್ನೊಂದು, ಗಾಯ ಮಾಯ್ದು ಕೂಡಿಕೊಂಡ ಮೇಲೆ ಮೂಗು ಕಿರಿದಾಗಿದ್ದರೆ ಮತ್ತೆ ಬೆಳೆಸಲು ಯತ್ನಿಸಬೇಕು, ಮಾಂಸ ಹೆಚ್ಚಿದ್ದರೆ ಸಮಮಾಡಬೇಕು ಎಂಬ ಮಾತು. ಮರುಚಿಕಿತ್ಸೆ ಎಂದು ಇಂದು ಹೇಳುತ್ತಿರುವುದು ಇದನ್ನೇ ಅಲ್ಲವೆ? ಆದರೆ ಅದು ಗಾಯ ಮಾಯ್ದ ಮೇಲೆ, ಅದಕ್ಕಿಂತ ಮೊದಲಲ್ಲ.

ಕನ್ನಡನಾಡಿನ ಚರಿತ್ರೆಗೂ ಈ ವಿದ್ಯೆಗೂ ಒಂದು ನಂಟಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತಿನ ಗಾಡಿಯವನಾಗಿದ್ದ ಕಾವಸಜಿ ಎಂಬಾತನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು 1 ವರ್ಷ ಮೂಗಿಲ್ಲದೆ ಇದ್ದ ಮೇಲೆ, ಪುಣೆಯ ಹತ್ತಿರದ ಇಟ್ಟಿಗೆ ಮಾಡುವ ಕುಲದವನೊಬ್ಬನು ಮೇಣದ ಹಾಳೆಯಿಂದ ಅಳತೆ ತೆಗೆದು, ಹಣೆಯ ಚರ್ಮವನ್ನಿಳಿಸಿ, ಅವನಿಗೆ ಹೊಸ ಮೂಗು ಕಟ್ಟಿದನು. ಈ ವೃತ್ತಾಂತ 1794ರ ಅಕ್ಟೋಬರದಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿ ಕಾರ್ಪ್ಯೂ ಎಂಬ ಇಂಗ್ಲಿಷ್ ಶಸ್ತ್ರವೈದ್ಯನು ಅದೇ ಕ್ರಮವನ್ನು ಅನುಸರಿಸಿ, 1816ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಇಟ್ಟಿಗೆಯವನ ಕಾಯಕವು ಹೀಗೆ ಕಡಲು ದಾಟಿತು. ಅವನ ಹೆಸರು ಮಾತ್ರ ಆ ಪತ್ರಿಕೆಯಲ್ಲಿ ಉಳಿಯಲಿಲ್ಲ.

ಈಗ ಪ್ರಕೃತಕ್ಕೆ ಬರಬೇಕು. ಮೂಗಿನ ಶಸ್ತ್ರಚಿಕಿತ್ಸೆಯ ಪಟ್ಟಿಯನ್ನು ಒಂದು ವಾರದ ಸುಮಾರಿಗೆ ಬಿಚ್ಚುವರು. ಹೊರಗಿನ ಬಾವು ಕೆಲವು ವಾರಗಳಲ್ಲಿ ಇಳಿಯುವುದು. ಒಳಗಿನ ಬಾವು ಹಾಗಲ್ಲ. ಅದು ಪೂರ್ತಿ ಇಳಿದು ನಿಜವಾದ ಆಕಾರ ನಿಲ್ಲುವುದಕ್ಕೆ 1 ವರ್ಷ ಬೇಕು. ಚರ್ಮ ದಪ್ಪವಾಗಿರುವವರಿಗೆ ಇನ್ನೂ ಹೆಚ್ಚು. ಎಲ್ಲಕ್ಕಿಂತ ಕಡೆಗೆ ಇಳಿಯುವುದು ತುದಿಯ ಬಾವೇ. ಆದಕಾರಣ ತಿಳಿದ ವೈದ್ಯರು ಸಾಮಾನ್ಯವಾಗಿ 12 ತಿಂಗಳಿಗೆ ಮೊದಲು ಮರುಚಿಕಿತ್ಸೆಗೆ ಕೈಹಾಕುವುದಿಲ್ಲ. ಮೂರನೆಯ ತಿಂಗಳಲ್ಲಿ ಕಾಣುವುದು ಮೂಗಲ್ಲ, ಬಾವು. ಅದನ್ನು ನೋಡಿ ಮೂಗು ಕೆಟ್ಟಿತೆನ್ನುವುದು, ಹಸಿ ಮಡಕೆಯನ್ನು ಒಲೆಗಿಟ್ಟು ಕುಂಬಾರನನ್ನು ಬಯ್ದಂತೆ.

ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಠಿನವೆಂಬುದನ್ನು ಗೃಹಸ್ಥರು ತಿಳಿದಿರಬೇಕು. ಮೊದಲ ಸಲ ಕೊಯ್ದ ಕಡೆ ಗಾಯ ಮಾಯ್ದು ಒಳಗೆ ಗಡಸಾದ ಕಲೆ ಕಟ್ಟಿರುತ್ತದೆ. ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಚರ್ಮಕ್ಕೆ ರಕ್ತ ಹರಿಯುವ ದಾರಿಗಳೂ ಬದಲಾಗಿರುತ್ತವೆ. ಮೂಗಿನ ನಡುಗೋಡೆಯ ಮೃದ್ವಸ್ಥಿಯನ್ನು ಮೊದಲ ಸಲವೇ ಬಳಸಿಬಿಟ್ಟಿದ್ದರೆ, ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತರಬೇಕು. ಪಕ್ಕೆಲುಬಿನದು ಕಾಲಕ್ರಮದಲ್ಲಿ ಬಾಗುವ ಸಂಭವವುಂಟು. ನಡುಗೋಡೆಗೆ ತೂತು ಬೀಳುವ ಅಪಾಯವೂ ಇಲ್ಲದಿಲ್ಲ. ಎರಡು ಸಲ ಕೊಯ್ದುದನ್ನು ಮೂರನೆಯ ಸಲ ತಿದ್ದುವುದು ಇನ್ನೂ ಕಷ್ಟ. ಇದನ್ನೆಲ್ಲ ಮುಚ್ಚಿಟ್ಟು ‘ಬರುವ ತಿಂಗಳೇ ಬನ್ನಿ’ ಎನ್ನುವವನು ವೈದ್ಯನೇ ಆಗಿದ್ದರೂ ಅವನದು ಕಾಯಕವಲ್ಲ, ವ್ಯಾಪಾರ.

ಇನ್ನು ಕನ್ನಡಿಯ ವಿಚಾರ. ಕಲ್ಯಾಣದಲ್ಲಿ ಕನ್ನಡಿ ಕಾಯಕದ ಅಮ್ಮಿದೇವಯ್ಯನೆಂಬ ಶರಣನಿದ್ದನು. ಪರರ ಮುಖಕ್ಕೆ ಕನ್ನಡಿ ಹಿಡಿಯುವ ಕಾಯಕವೂ ಲಿಂಗಪೂಜೆಗೆ ಸಮನೆಂದು ಶರಣರು ಮನ್ನಿಸಿದರು. ಆ ಕನ್ನಡಿಯಲ್ಲಿ ಇದ್ದುದು ಇದ್ದಂತೆ ಕಾಣುತ್ತಿತ್ತು. ಈಗಿನ ಅಂಗೈಗನ್ನಡಿ, ಎಂದರೆ ಮೊಬೈಲಿನ ಕ್ಯಾಮೆರಾ, ಅಂತಹದಲ್ಲ. 12 ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಇರುವುದಕ್ಕಿಂತ ಶೇಕಡಾ 30ರಷ್ಟು ಅಗಲವಾಗಿ ಕಾಣುವುದೆಂದೂ, 5 ಅಡಿ ದೂರದಿಂದ ತೆಗೆದರೆ ಆ ದೋಷ ಉಳಿಯುವುದಿಲ್ಲವೆಂದೂ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕಹಾಕಿ ತೋರಿಸಿದರು. ಆ ಹುಡುಗಿ ದಿನಕ್ಕೆ ಎಷ್ಟೋ ಸಲ ಇಂತಹ ಚಿತ್ರಗಳನ್ನು ತೆಗೆದು, ಹಿಗ್ಗಿಸಿ, ಹಳೆಯ ಚಿತ್ರದೊಡನೆ ಹೋಲಿಸುತ್ತಿದ್ದಳು. ಇಷ್ಟಲಿಂಗವನ್ನು ಹಿಡಿದು ದೃಷ್ಟಿಯನ್ನು ನಿಲ್ಲಿಸಬೇಕಾದ ಎಡ ಅಂಗೈಯಲ್ಲಿ, ಹೆಚ್ಚುಕಡಮೆ ಅದೇ ದೂರದಲ್ಲಿ, ಅವಳ ಮುಖವೇ ಕುಳಿತಿತ್ತು. ಇದನ್ನು ಹೇಳಿದುದು ಅವಳನ್ನು ನಿಂದಿಸುವುದಕ್ಕಲ್ಲ. ಅಷ್ಟು ಹೊತ್ತು ಏಕಾಗ್ರವಾಗಿ ನೋಡಬಲ್ಲ ಕಣ್ಣು ಎಷ್ಟು ಬಲವಾದುದೆಂದು ಯೋಚಿಸಬೇಕು.

ಕೆಲವರಲ್ಲಿ ಈ ನೋಟವು ರೋಗಕ್ಕೇ ತಿರುಗುವುದುಂಟು. ಇತರರಿಗೆ ಕಾಣದ ಅಥವಾ ಅತ್ಯಲ್ಪವಾದ ಊನವೊಂದು ಹಗಲಿರುಳೂ ಮನಸ್ಸನ್ನು ಹಿಡಿದು, ಉದ್ಯೋಗವನ್ನೂ ಊಟವನ್ನೂ ಬಿಡಿಸುವುದು. ಅಂತಹವರಿಗೆ ಎಷ್ಟು ಸಲ ಶಸ್ತ್ರಚಿಕಿತ್ಸೆಯಾದರೂ ತೃಪ್ತಿಯಿಲ್ಲ. ಅವರಿಗೆ ಬೇಕಾದುದು ಮನೋವೈದ್ಯರ ಸಹಾಯ, ಮನೆಯವರ ತಾಳ್ಮೆ. ಜ್ವರಕ್ಕೆ ಔಷಧ ಕೊಡಿಸುವಷ್ಟೇ ಸಹಜವಾಗಿ ಇದಕ್ಕೂ ಔಷಧ ಕೊಡಿಸಬೇಕು. ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಹುಡುಗಿಯ ಕಣ್ಣಿಗೆ ಆ ನೋಟವನ್ನು ಕಲಿಸಿದವರಾರು? ಅವಳು ಹುಟ್ಟುವಾಗ ತಂದುದಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಲ್ಲು, ಮೂಗು, ಬಣ್ಣಗಳನ್ನು ಸಂತೆಯ ದನದಂತೆ ಎಣಿಸುವವರು ಹಣೆಗೆ ವಿಭೂತಿ ಧರಿಸಿಯೇ ಎಣಿಸುತ್ತಾರೆ. ಅಂತಹ ಮನೆಯ ಹಿರಿಯರು, ಮಗಳು ಕನ್ನಡಿಯ ಮುಂದೆ ಕುಳಿತೊಡನೆ ಅಕ್ಕಮಹಾದೇವಿಯ ವೈರಾಗ್ಯವನ್ನು ಎತ್ತಿ ಹೇಳುವುದು ಶೋಭಿಸುವುದಿಲ್ಲ. ಅಕ್ಕನು ಕೌಶಿಕನ ನೋಟವನ್ನು ನಿರಾಕರಿಸಿ ತಾನಾಗಿ ಹೊರಟವಳು. ಇಲ್ಲಿ ನಿರಾಕರಿಸಲ್ಪಟ್ಟವಳು ಹುಡುಗಿ. ಎರಡಕ್ಕೂ ಅಜಗಜಾಂತರ. ನಾಲಿಗೆಗೆ ಗುರುಲಿಂಗವನ್ನು ಹೇಳಿದೆ. ಅಡಿಗೆಮನೆಯಲ್ಲಿ ಆ ಮಾತನ್ನಾಡಿದಾಗ ಸೋದರತ್ತೆಯವರಿಗೆ ಅದು ನೆನಪಿದ್ದಂತೆ ತೋರುವುದಿಲ್ಲ.

ಶ್ರೀಗಳವರು ಬೇಡವೆನ್ನಲಿಲ್ಲ, ಮಾಡಿಸೆನ್ನಲೂ ಇಲ್ಲ. ವರ್ಷ ತುಂಬುವವರೆಗೆ ಸಾಲ ಮಾಡಬಾರದೆಂದು ತಂದೆಗೂ, ಮೂಗಿನ ಮಾತೆತ್ತಬಾರದೆಂದು ತಾಯಿಗೂ ತಿಳಿಸಿದರು. ಮೊದಲ ಶಸ್ತ್ರಚಿಕಿತ್ಸೆಯ ವಿವರಪತ್ರವನ್ನು ಆ ಆಸ್ಪತ್ರೆಯಿಂದ ಕೇಳಿ ಪಡೆದಿಟ್ಟುಕೊಳ್ಳಲು ಹೇಳಿದರು. ಹುಡುಗಿಗೆ ಹೇಳಿದುದು ಒಂದೇ: ದಿನವೂ ಪೂಜೆಯಲ್ಲಿ ಹೂವನ್ನು ಅರ್ಪಿಸುವಾಗ ಗಂಧ ಎಷ್ಟು ತಿಳಿಯುವುದೆಂದು ನೋಡಿಕೊಳ್ಳುವುದು.

14 ತಿಂಗಳಾದ ಮೇಲೆ ಅವಳು ಕಾಗದಪತ್ರಗಳೊಡನೆ ಬೇರೊಬ್ಬ ಅನುಭವಿ ವೈದ್ಯರನ್ನು ಕಂಡಳು. ಅಷ್ಟರಲ್ಲಿ ತುದಿಯ ಬಾವು ತಾನಾಗಿಯೇ ಬಹುಮಟ್ಟಿಗೆ ಇಳಿದಿತ್ತು. ಹೊಳ್ಳೆಗಳ ಹೆಚ್ಚುಕಡಮೆ ಹುಡುಕಿ ನೋಡಿದರಷ್ಟೇ ಕಾಣುತ್ತಿತ್ತು. ವೈದ್ಯರು ಎಡಗೆನ್ನೆಯನ್ನು ಬೆರಳಿನಿಂದ ಹೊರಕ್ಕೆಳೆದು ಉಸಿರೆಳೆಯಲು ಹೇಳಿದರು. ಗಾಳಿ ಸಲೀಸಾಗಿ ಒಳಹೋಯಿತು. ಬಿಟ್ಟೊಡನೆ ಮತ್ತೆ ಕಟ್ಟಿತು. ದಿಬ್ಬವನ್ನು ತೆಗೆಯುವಾಗ ಒಳದಾರಿಯ ಆಧಾರ ಕುಗ್ಗಿದೆ, ಕಿವಿಯ ಮೃದ್ವಸ್ಥಿಯನ್ನಿಟ್ಟು ಎತ್ತಿ ನಿಲ್ಲಿಸಬಹುದು, ಆದರೆ ಮೂಗಿನ ನಡುಭಾಗ ಈಗಿರುವುದಕ್ಕಿಂತ ಕೊಂಚ ಅಗಲವಾಗಬಹುದು ಎಂದು ಅವರು ವಿವರಿಸಿದರು. ಉಸಿರು ಬೇಕಾದರೆ ಅಷ್ಟು ಅಗಲವನ್ನು ಒಪ್ಪಬೇಕು. ಈಗಿನ ಆಕಾರವೇ ಬೇಕಾದರೆ ಉಸಿರಿನ ಕಟ್ಟನ್ನು ಒಪ್ಪಬೇಕು.

ಅವಳು ಎರಡು ವಾರ ಯೋಚಿಸಿದಳು. ಆ ಅವಧಿಯಲ್ಲಿ ಒಂದು ಚಿತ್ರವನ್ನೂ ತೆಗೆಯಲಿಲ್ಲವೆಂದು ತಾಯಿ ಮಠದಲ್ಲಿ ಹೇಳಿದರು. ಬಸವಜಯಂತಿ ಕಳೆದ ಮೇಲಿನ ಸೋಮವಾರಕ್ಕೆ ದಿನ ಗೊತ್ತಾಗಿದೆ. ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿರಲು ಸೋದರತ್ತೆಯವರೇ ಹೊರಟಿದ್ದಾರೆ. ಹಾಗೆ ಕೇಳಿಕೊಂಡವಳು ಹುಡುಗಿಯೇ.