ಕಸೂತಿ ಹಾಕಿದ ಜೋಳಿಗೆ

ಬೌದ್ಧ ಭಿಕ್ಷುವಿಗೆ ಸಂಪ್ರದಾಯ ಒಪ್ಪಿಕೊಟ್ಟ ಆಸ್ತಿ ಎಂಟೇ: ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ಹೆಗಲಿಗೆ ಹಾಕುವ ಜೋಳಿಗೆ ಈ ಪಟ್ಟಿಯಲ್ಲಿಲ್ಲ. ಆದರೂ ಥಾಯ್ಲೆಂಡಿನ ಭಿಕ್ಷುಗಳ ಹೆಗಲಲ್ಲಿ ‘ಯಾಮ್’ ಎಂಬ ಬಟ್ಟೆಯ ಚೀಲ ತೂಗುತ್ತದೆ. ನಮ್ಮ ಬೈಲಕುಪ್ಪೆಯ ಟಿಬೆಟನ್ ಭಿಕ್ಷುಗಳಲ್ಲೂ ಅಂಥದನ್ನು ಕಾಣಬಹುದು. ಎಷ್ಟೋ ಚೀಲಗಳ ಮೇಲೆ ಕಸೂತಿ: ಧರ್ಮಚಕ್ರ, ತುದಿಮೊದಲಿಲ್ಲದ ಗಂಟು, ವಿಹಾರದ ಲಾಂಛನ. ಎಲ್ಲ ಬಿಟ್ಟು ಹೊರಟವನಿಗೆ ಈ ಅಲಂಕಾರವೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ, ಆದರೆ ಅವರು ಚೀಲದ ತಪ್ಪು ಮಗ್ಗುಲನ್ನು ನೋಡುತ್ತಿದ್ದಾರೆ ಎಂದು ನನ್ನ ವಾದ.

ಭಿಕ್ಷುಗಳ ನಿಯಮಗ್ರಂಥವಾದ ವಿನಯಪಿಟಕ ಚೆಲುವಾದ ಬಟ್ಟೆಗೆ ಹೆದರಿದ್ದಿಲ್ಲ. ರಾಜ ಪ್ರದ್ಯೋತ ತನಗೆ ಕಳಿಸಿದ್ದ ಅತಿ ಶ್ರೇಷ್ಠ ವಸ್ತ್ರವನ್ನು ವೈದ್ಯ ಜೀವಕ ಅರ್ಪಿಸಿದಾಗ ಬುದ್ಧ ಅದನ್ನು ಸ್ವೀಕರಿಸಿದ. ಗೃಹಸ್ಥರು ಕೊಟ್ಟ ಚೀವರ ತೊಡಲು ಸಂಘಕ್ಕೆ ಅನುಮತಿ ಸಿಕ್ಕಿದ್ದೇ ಆ ಸಂದರ್ಭದಲ್ಲಿ. ಮಗಧದ ಗದ್ದೆಗಳನ್ನೂ ಬದುಗಳನ್ನೂ ತೋರಿಸಿ, ಚೀವರವನ್ನು ಹೀಗೆ ಹೊಲಿಸಲಾದೀತೇ ಎಂದು ಶಿಷ್ಯ ಆನಂದನನ್ನು ಕೇಳಿದವನೂ ಬುದ್ಧನೇ. ನಿಯಮದ ಕಣ್ಣು ಬೇರೆ ಕಡೆಗಿದೆ. ಗೃಹಸ್ಥನೊಬ್ಬ ಭಿಕ್ಷುವಿನ ಚೀವರಕ್ಕೆಂದು ಹಣ ತೆಗೆದಿಟ್ಟಿದ್ದಾನೆ ಎನ್ನಿ. ಕೇಳದಿದ್ದರೂ ಭಿಕ್ಷು ಅವನಲ್ಲಿಗೆ ಹೋಗಿ, ಒಳ್ಳೆಯದರ ಆಸೆಯಿಂದ, ಇಂಥದೇ ಬೇಕೆಂದರೆ ಆ ಚೀವರವನ್ನು ಸಂಘದ ಮುಂದೆ ಬಿಟ್ಟುಕೊಡಬೇಕು. ಬಟ್ಟೆಯ ಅಂದಕ್ಕಿಂತ, ಆರಿಸಿದವರು ಯಾರು ಎಂಬುದೇ ಇಲ್ಲಿ ಮುಖ್ಯ. ಪಾತ್ರೆಗೆ ಬಿದ್ದದ್ದು ಗಂಜಿಯೋ ಪಾಯಸವೋ, ಉಣ್ಣುವವನ ಆಯ್ಕೆಯಲ್ಲ. ದಾನವಾಗಿ ಬಂದ ಚೀಲದ ಕಸೂತಿಯೂ ಹಾಗೆಯೇ, ಅದು ಕೊಟ್ಟವರ ಅಭಿರುಚಿ, ಕೊಟ್ಟವರ ಶ್ರದ್ಧೆ.

ಇದಕ್ಕೆ ಗಟ್ಟಿ ಆಕ್ಷೇಪ ವಿನಯದೊಳಗೇ ಇದೆ. ಛಬ್ಬಗ್ಗಿಯರೆಂಬ ಆರು ಮಂದಿ ಭಿಕ್ಷುಗಳ ಗುಂಪು (ವಿನಯದ ಅರ್ಧ ತಂಟೆಗಳಿಗೆ ಇವರೇ ಕಾರಣ) ಪಾತ್ರೆಯ ತಳಕ್ಕಿಡುವ ಬಿಲ್ಲೆಗಳ ಮೇಲೆ ಚಿತ್ರ ಬಿಡಿಸಿಕೊಂಡು ಬೀದಿಯಲ್ಲಿ ತೋರಿಸುತ್ತ ತಿರುಗಿತು; ಬುದ್ಧ ಚಿತ್ರದ ಬಿಲ್ಲೆಗಳನ್ನೇ ನಿಷೇಧಿಸಿದ. ಹೊಸ ಚೀವರಕ್ಕಾದರೂ ನೀಲಿ, ಕೆಸರು ಇಲ್ಲವೆ ಕಪ್ಪುಕಂದಿನ ಕಲೆ ಹಾಕದೆ ತೊಡುವಂತಿಲ್ಲ. ಹಲಸಿನ ಕೆಚ್ಚಿನ ಬಣ್ಣದಲ್ಲಿ ಚೀವರ ಅದ್ದುವ ಥಾಯ್ ಅರಣ್ಯಭಿಕ್ಷು ಇದನ್ನೆಲ್ಲ ಮುಂದಿಟ್ಟು ಬೋಳು ಚೀಲವೇ ಸಾಕೆಂದರೆ ಅವನೊಡನೆ ನಾನು ಜಗಳಕ್ಕಿಳಿಯಲಾರೆ. ಆದರೆ ಛಬ್ಬಗ್ಗಿಯರು ಮೆರೆಯಲೆಂದೇ ಬಯಸಿ ಇಟ್ಟುಕೊಂಡಿದ್ದರು. ಕೊಟ್ಟದ್ದನ್ನು ತೊಟ್ಟವನನ್ನು ಅವರ ಸಾಲಿಗೆ ಸೇರಿಸುವುದು ಅನ್ಯಾಯ.

ಹಾಗಾದರೆ ದಾನಿಯ ಹೆಸರು ಹೇಳಿ ಯಾವ ಭೋಗವನ್ನೂ ಒಪ್ಪಬಹುದಲ್ಲ ಎನ್ನಬಹುದು. ಒಪ್ಪುವಂತಿಲ್ಲ, ಏಕೆಂದರೆ ಎರಡನೆಯ ಅಳತೆಯೊಂದಿದೆ: ಎಷ್ಟು ಕಾಲ ಇಟ್ಟುಕೊಂಡೆ? ಭಿಕ್ಷೆಯ ಅನ್ನ ಮಧ್ಯಾಹ್ನದೊಳಗೆ ಮುಗಿಯಬೇಕು, ನಾಳೆಗೆ ಎತ್ತಿಡುವಂತಿಲ್ಲ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲಗಳಿಗೆ ಔಷಧವೆಂದು 7 ದಿನದ ವಿನಾಯಿತಿ. ಚೀಲವಾದರೋ ಇಟ್ಟುಕೊಳ್ಳಲೆಂದೇ ಹುಟ್ಟಿದ್ದು. ಬುದ್ಧ ಅನುಮತಿಸಿದ ಚೀಲಗಳಿಗೆ ಒಂದೊಂದೇ ಕೆಲಸ: ಔಷಧಕ್ಕೊಂದು, ಪಾತ್ರೆಗೊಂದು, ಪಾದರಕ್ಷೆಗೊಂದು. ಕೊನೆಯದು ಬಂದದ್ದು, ನಮಸ್ಕರಿಸಲು ಬಗ್ಗಿದ ಉಪಾಸಕನ ತಲೆ, ಭಿಕ್ಷುವೊಬ್ಬ ಸೊಂಟಕ್ಕೆ ಕಟ್ಟಿಕೊಂಡ ಪಾದರಕ್ಷೆಗೆ ತಾಗಿದ್ದರಿಂದ. ಇಂದಿನ ಜೋಳಿಗೆಗೆ ಇಂಥ ಕಟ್ಟುಪಾಡಿಲ್ಲ. ಮೊಬೈಲು, ಪುಸ್ತಕ, ಮಾತ್ರೆ, ನೋಟು ಎಲ್ಲಕ್ಕೂ ಅಲ್ಲಿ ಜಾಗವುಂಟು, ಹೊರಗಿನವರಿಗೆ ಕಾಣುವುದಿಲ್ಲ. ಕಸೂತಿಯಾದರೋ ಎಲ್ಲರ ಕಣ್ಣೆದುರಿಗಿದೆ.

ಪ್ರಾಯಶ್ಚಿತ್ತದ ವಿಧಿ ಹೊರಗಿನ ಅಂದವನ್ನೂ ಒಳಗಿನ ಹಣವನ್ನೂ ಬೇರೆಬೇರೆಯಾಗಿಯೇ ತೂಗುತ್ತದೆ. ಆಸೆಪಟ್ಟು ಹೇಳಿ ಪಡೆದ ಚೀವರವನ್ನು ಭಿಕ್ಷು ಬಿಟ್ಟುಕೊಟ್ಟು ತಪ್ಪೊಪ್ಪಿಕೊಂಡರೆ ಸಂಘ ಅದೇ ಚೀವರವನ್ನು ಅವನಿಗೆ ಮರಳಿಸುತ್ತದೆ. ಮುಟ್ಟಿದ ಬೆಳ್ಳಿಬಂಗಾರವನ್ನು ಮರಳಿಸುವುದಿಲ್ಲ. ಗೃಹಸ್ಥರು ಯಾರೂ ಒಯ್ಯದಿದ್ದರೆ ಅದಕ್ಕೆಂದೇ ನೇಮಿಸಿದ ಭಿಕ್ಷು, ಬಿದ್ದ ಜಾಗವನ್ನೂ ಗುರುತಿಟ್ಟುಕೊಳ್ಳದೆ, ಎಸೆದು ಬರಬೇಕು. ಕಸೂತಿಯ ಚೀಲಕ್ಕೆ ಚೀವರದ ನ್ಯಾಯ ಸಾಕು.