ಗೋಡೆ ನಿಂತಿದೆ, ಹೊಳೆ ಬರಲಿಲ್ಲ

ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿ, ಕುಮುದ್ವತಿ ಹೊಳೆಗಳೆರಡೂ ಕೂಡುವ ಜಾಗದಲ್ಲಿ 1933ರಲ್ಲಿ ಮುಗಿದ ಅಣೆಕಟ್ಟೆಗೆ ಈಗ ತೊಂಬತ್ತು ದಾಟಿದೆ. ಚಾಮರಾಜಸಾಗರ ಅನ್ನುವುದು ಅದರ ದೊಡ್ಡ ಹೆಸರು. ತುಂಬಿದರೆ 74 ಅಡಿ ಆಳ. ದಶಕಗಳ ಕಾಲ ಬೆಂಗಳೂರಿನ ಬಾಯಾರಿಕೆ ನೀಗಿಸಿದ ಈ ಜಲಾಶಯದಿಂದ ಕಳೆದ ದಶಕದಲ್ಲಿ ನಗರಕ್ಕೆ ನೀರೆತ್ತುವುದೇ ನಿಂತುಹೋಗಿತ್ತು. ಗೋಡೆ ಇದ್ದ ಹಾಗೇ ಇದೆ. ಅದು ತಡೆದು ನಿಲ್ಲಿಸಬೇಕಾಗಿದ್ದ ಹೊಳೆಯೇ ಬರುವುದನ್ನು ಕಡಿಮೆ ಮಾಡಿತು.

ಒಬ್ಬ ಎಂಜಿನಿಯರ್ ತನ್ನ ಬದುಕಿನಲ್ಲಿ ಏನನ್ನು ಬಿಟ್ಟುಹೋಗುತ್ತಾನೆ ಅನ್ನುವ ಪ್ರಶ್ನೆ ನನ್ನನ್ನು ಕಾಡುವುದು ಇಂಥ ಕಡೆಯೇ. ಕವಿಯ ಪದ್ಯ ಉಳಿಯುತ್ತದೆ, ರೈತನ ಹೊಲ ಮಗನಿಗೆ ಹೋಗುತ್ತದೆ. ಆದರೆ ನೀರಿಗಾಗಿ ಕಟ್ಟಿದ ಗೋಡೆ ಉಳಿದು ನೀರೇ ಉಳಿಯದಿದ್ದರೆ, ಕಟ್ಟಿದವನು ಗೆದ್ದನೋ ಸೋತನೋ?

ಈ ಅಣೆಕಟ್ಟೆಯ ಹಿಂದೆ ಇದ್ದದ್ದು ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆ. ಕೆಲಸ ಮುಗಿದಾಗ ಅವರಿಗೆ ಎಪ್ಪತ್ತು ದಾಟಿತ್ತು. ದಿವಾನಗಿರಿ ಬಿಟ್ಟೇ ಹದಿನೈದು ವರ್ಷವಾಗಿತ್ತು. ಅವರು ಹುಟ್ಟಿದ ಮುದ್ದೇನಹಳ್ಳಿ ನಂದಿ ಬೆಟ್ಟದ ಸೀಮೆಯದು, ಅರ್ಕಾವತಿ ಹುಟ್ಟುವುದೂ ಅದೇ ನಂದಿಯಲ್ಲಿ. ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಮುಂಬೈ ಸರ್ಕಾರದ ಕೆಲಸ, ಹೈದರಾಬಾದಿನ ಮೂಸಿ ಪ್ರವಾಹದ ಕೆಲಸ, ಕನ್ನಂಬಾಡಿ ಎಲ್ಲ ದಾಟಿಬಂದ ಮನುಷ್ಯ, ಕೊನೆಗೆ ತನ್ನ ಬೆಟ್ಟದಿಂದ ಇಳಿದ ಹೊಳೆಗೇ ಮಾಗಡಿಯಲ್ಲಿ ಗೋಡೆ ಎಬ್ಬಿಸಲು ಸಲಹೆ ಕೊಟ್ಟರು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು. ಸಮಾಧಿ ಇರುವುದು ಮುದ್ದೇನಹಳ್ಳಿಯಲ್ಲಿ. ಅಷ್ಟು ದೀರ್ಘ ಆಯಸ್ಸಿಗೂ ತಿಪ್ಪಗೊಂಡನಹಳ್ಳಿ ಸೊರಗುವುದನ್ನು ನೋಡುವ ಸಂಕಟ ಬರಲಿಲ್ಲ. ಅದು ಅವರ ಪುಣ್ಯ ಅನ್ನಬೇಕು.

ಆದರೆ ಸೂಚನೆ ಅವರ ಕಾಲದಲ್ಲೇ ಇತ್ತು. 1896ರಲ್ಲಿ ಇದೇ ಅರ್ಕಾವತಿಯ ಮೇಲ್ಭಾಗದ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂತು. ಕೆಲವೇ ದಶಕಗಳಲ್ಲಿ ಅದು ಸಾಲದಾಯಿತು. ಆಗ ಕೆಳಗೆ ಬಂದು ತಿಪ್ಪಗೊಂಡನಹಳ್ಳಿ ಕಟ್ಟಿದೆವು. ಇನ್ನೂ ಕೆಳಗೆ ಮಂಚನಬೆಲೆ ಬಂತು, ಕನಕಪುರದ ಕಡೆ ಹಾರೋಬೆಲೆ ಬಂತು. ಈ ನಡುವೆ ಅರ್ಕಾವತಿ ಸಾಲದೆ 1974ರಲ್ಲಿ ಕಾವೇರಿಯನ್ನೇ ನಗರಕ್ಕೆ ಏರಿಸಿದೆವು. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಹಾದು ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ. ನೂರು ವರ್ಷದ ನಮ್ಮ ನೀರಾವರಿ ಬುದ್ಧಿಯನ್ನು ಈ ಹೊಳೆಯ ದಡದಲ್ಲಿ ನಿಂತು ಓದಿದರೆ ಕಾಣುವುದು ಒಂದೇ: ನೀರು ಕಡಿಮೆಯಾದಾಗಲೆಲ್ಲ ನಾವು ಕೆಳಕ್ಕೆ ಹೋದೆವು, ಇನ್ನೊಂದು ಗೋಡೆ ಕಟ್ಟಿದೆವು. ಮೇಲಕ್ಕೆ ಹೋಗಿ ಹೊಳೆಗೆ ಏನಾಯಿತು ಅಂತ ಕೇಳಲಿಲ್ಲ.

ಏನಾಯಿತು ಅನ್ನುವುದು ಗುಟ್ಟಲ್ಲ. ಮೋಡವನ್ನು ದೂರಿ ಪ್ರಯೋಜನವಿಲ್ಲ, ಮಳೆಯ ಕೊರತೆಯೊಂದೇ ಇದಕ್ಕೆ ಕಾರಣವಲ್ಲ ಅಂತ ಈ ಜಲಾನಯನವನ್ನು ಅಭ್ಯಾಸ ಮಾಡಿದವರು ಹೇಳಿದ್ದಾರೆ. ಸಾವಿರಾರು ಬೋರ್‌ವೆಲ್‌ಗಳು ಅಂತರ್ಜಲವನ್ನು ಎಷ್ಟು ಆಳಕ್ಕೆ ಎಳೆದವೆಂದರೆ ಬಿದ್ದ ಮಳೆ ಹೊಳೆ ಸೇರುವ ಮೊದಲೇ ನೆಲಕ್ಕೆ ಇಳಿದುಹೋಗುತ್ತದೆ. ನೀಲಗಿರಿ ತೋಪುಗಳು ಮಿಕ್ಕದ್ದನ್ನು ಹೀರುತ್ತವೆ. ಕೆರೆಯಿಂದ ಕೆರೆಗೆ ಹರಿಯುತ್ತಿದ್ದ ಕಾಲುವೆಗಳ ಮೇಲೆ ಲೇಔಟು, ರಸ್ತೆ. ಜಲಾನಯನವನ್ನು ಕಾಪಾಡಲು ಸರ್ಕಾರ 2003ರಲ್ಲಿ ಆದೇಶವನ್ನೂ ಹೊರಡಿಸಿತು. ಆದೇಶ ಬಂದಷ್ಟು ಸುಲಭವಾಗಿ ಹೊಳೆ ಬರಲಿಲ್ಲ.

ಹಳ್ಳಿಯಲ್ಲಿ ಹುಟ್ಟಿ ಎಂಜಿನಿಯರ್ ಆದವನಿಗೆ ನೀರು ಕಟ್ಟುವುದು, ಕಾಯುವುದು ಹೊಸದಲ್ಲ ಅನ್ನುವುದು ನನ್ನ ನಂಬಿಕೆ. ಅವನು ಪಾಲಿಟೆಕ್ನಿಕ್ ಮೆಟ್ಟಿಲು ಹತ್ತುವ ಮುಂಚೆಯೇ ಏರಿ, ಕೋಡಿ, ತೂಬು, ಅಚ್ಚುಕಟ್ಟು ಎಲ್ಲ ನೋಡಿರುತ್ತಾನೆ. ನಮ್ಮ ಕಡೆಯ ಹಳೇ ಕೆರೆಯ ತೂಬನ್ನು ಹತ್ತಿರ ನಿಂತು ನೋಡಿ. ನೀರಿನೊಳಗಿಂದ ಮೇಲೆದ್ದ ಎರಡು ಕಲ್ಲುಕಂಬ, ಅವುಗಳಿಗೆ ಅಡ್ಡ ಕೂರಿಸಿದ ಕಲ್ಲುಗಳು, ಆ ಕಲ್ಲುಗಳ ನಡುವಿನ ತೂತಿನಲ್ಲಿ ಇಳಿಬಿಟ್ಟ ಮರದ ಗಳು, ಅದರ ಬುಡದಲ್ಲಿ ಬಿರಡೆ. ಗಳುವನ್ನು ಎಷ್ಟು ಎತ್ತಿದರೆ ಯಾವ ಗದ್ದೆಯವರೆಗೆ ನೀರು ಹೋಗುತ್ತದೆ ಅನ್ನುವುದು ನೀರು ಬಿಡುವ ನೀರುಗಂಟಿಗೆ ಗೊತ್ತಿತ್ತು. ರಾತ್ರಿ ಮಳೆ ಹೊಡೆದರೆ ಅವನೇ ಎದ್ದು ಕೋಡಿ ನೋಡಬೇಕಿತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳು ಒಯ್ಯುತ್ತಿದ್ದ. ಕೆರೆ ಕಟ್ಟಿಸಿದ ಪುಣ್ಯಾತ್ಮನ ಹೆಸರು ಶಾಸನದಲ್ಲಿರುತ್ತದೆ. ಆ ಕೆರೆಯನ್ನು ನೂರಾರು ವರ್ಷ ಬದುಕಿಸಿದ ನೀರುಗಂಟಿಗಳ ಸಾಲಿಗೆ ಕಲ್ಲು ಸಿಗಲಿಲ್ಲ. ಹೂಳೆತ್ತುವುದು, ಏರಿ ಮೇಲಿನ ಗಿಡ ಕೀಳುವುದು, ಕಾಲುವೆ ಬಿಡಿಸುವುದು ಮುಗಿಯುವ ಕೆಲಸವಲ್ಲ. ಮುಗಿಯದ ಕೆಲಸಕ್ಕೆ ಉದ್ಘಾಟನೆ ಇಲ್ಲ.

ಸಂಸಾರವೂ ಅಂಥದ್ದೇ. ಮದುವೆ ಒಂದು ದಿನ ಆಗುತ್ತದೆ, ಸಂಸಾರ ಸಾಯುವವರೆಗೂ ಆಗುತ್ತಲೇ ಇರುತ್ತದೆ. ವಿಶ್ವೇಶ್ವರಯ್ಯನವರಿಗೆ ಆ ಭಾಗ್ಯ ಹೆಚ್ಚು ದಕ್ಕಲಿಲ್ಲ, ಚಿಕ್ಕ ವಯಸ್ಸಿನಲ್ಲೇ ಪತ್ನಿಯನ್ನು ಕಳೆದುಕೊಂಡರು. ದಿವಾನರಾಗುವ ಮುಂಚೆ ಬಂಧುಗಳನ್ನು ಕರೆದು, ಯಾರೂ ಶಿಫಾರಸು ಕೇಳಬಾರದು ಅಂತ ಮಾತು ತೆಗೆದುಕೊಂಡರು ಅಂತ ಹೇಳುತ್ತಾರೆ. ಆ ನಿಷ್ಠುರ ನಮಗೆ ಬೇಕಿತ್ತು. ಆದರೆ ಅವರ ಹಿಂದೆ ಬಂದ ಸಾವಿರಾರು ಲೋಕೋಪಯೋಗಿ, ನೀರಾವರಿ ಎಂಜಿನಿಯರ್‌ಗಳು, ಓವರ್‌ಸಿಯರ್‌ಗಳು ಸಂಸಾರಸ್ಥರು. ವರ್ಗಾವಣೆಯ ಆದೇಶ ಕೈಗೆ ಬಂದಾಗ ಪಾತ್ರೆ ಪಗಡ ಕಟ್ಟಿದವಳು ಹೆಂಡತಿ, ಅರ್ಧ ವರ್ಷದಲ್ಲಿ ಶಾಲೆ ಬಿಟ್ಟು ಟಿಸಿ ತೆಗೆದುಕೊಂಡವರು ಮಕ್ಕಳು. 1946ರಲ್ಲಿ ಚನ್ನಪಟ್ಟಣ ತಾಲ್ಲೂಕಿನಲ್ಲಿ ಕಣ್ವ ಜಲಾಶಯ ಆಯಿತು ಅಂತ ನಾವು ಒಂದು ಸಾಲಿನಲ್ಲಿ ಬರೆಯುತ್ತೇವೆ. ಆ ಸಾಲಿನ ಕೆಳಗೆ ಎಷ್ಟು ಮನೆಗಳ ದಿನಚರಿ ಹುದುಗಿದೆಯೋ.

ಮಾಗಡಿಯ ಸೀಮೆಗೆ ಈ ಮಾತು ಹೊಸದಲ್ಲ. ಕೆಂಪೇಗೌಡರ ಬೆಂಗಳೂರು ಕೋಟೆಯ ಹೆಬ್ಬಾಗಿಲು ಕಟ್ಟಿದಂತೆಲ್ಲ ಬೀಳುತ್ತಿತ್ತು, ಕೊನೆಗೆ ಸೊಸೆ ಲಕ್ಷ್ಮೀದೇವಿ ತನ್ನನ್ನೇ ಬಲಿ ಕೊಟ್ಟುಕೊಂಡಳು ಅನ್ನುವ ಐತಿಹ್ಯವಿದೆ. ಆಕೆಯ ಸ್ಮಾರಕ ಕೋರಮಂಗಲದಲ್ಲಿದೆ. ನಡೆದದ್ದೋ ಅಲ್ಲವೋ, ಜನ ಈ ಕಥೆಯನ್ನು ಇಷ್ಟು ಶತಮಾನ ಬಿಟ್ಟುಕೊಡದೆ ಇಟ್ಟುಕೊಂಡಿದ್ದಾರೆ. ದೊಡ್ಡ ಕಟ್ಟಡಕ್ಕೆ ಬೆಲೆ ಕೊಡುವುದು ಯಾವುದೋ ಮನೆಯ ಒಳಗಿನವರು ಅನ್ನುವುದು ಅವರಿಗೆ ಗೊತ್ತಿತ್ತು.

ಹೊಳೆಯ ಕಡೆಗೆ ಮತ್ತೆ ಬರುತ್ತೇನೆ. ಕನಕಪುರ ರಸ್ತೆಯ ಪಕ್ಕದ ಪೈಪಿನಲ್ಲಿ ಏರಿಹೋದ ಕಾವೇರಿ ನಗರದ ಅಡುಗೆಮನೆ, ಬಚ್ಚಲುಮನೆ ಹಾದು ವೃಷಭಾವತಿ ಹೊಳೆಗೆ ಬೀಳುತ್ತದೆ. ಬಿಡದಿ ಬಳಿಯ ಭೈರಮಂಗಲ ಕೆರೆಯಲ್ಲಿ ನೊರೆ ಎಬ್ಬಿಸುತ್ತದೆ. ಅಲ್ಲಿನ ರೈತರ ಗದ್ದೆ ತೋಟ ಸುತ್ತಿ ಅರ್ಕಾವತಿ ಸೇರಿ, ಕನಕಪುರ ದಾಟಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಮುಟ್ಟುತ್ತದೆ. ನಂದಿಯ ತಿಳಿನೀರು ಬರಬೇಕಾದ ಪಾತ್ರದಲ್ಲಿ ಈಗ ಹರಿಯುವುದು ಬಹುಪಾಲು ನಗರ ಬಳಸಿ ಬಿಟ್ಟದ್ದು. ಚನ್ನಪಟ್ಟಣದ ಕಡೆ ಶಿಂಷಾ ನೀರನ್ನು ಇಗ್ಗಲೂರಿನಿಂದ ಎತ್ತಿ ಕೆರೆ ತುಂಬಿಸಿದ್ದರಿಂದ ಬತ್ತಿದ್ದ ಕೊಳವೆಬಾವಿಗಳಿಗೆ ಜೀವ ಬಂತು ಅಂತ ರೈತರು ಸಂತೋಷದಿಂದ ಹೇಳುತ್ತಾರೆ. ಆ ಸಂತೋಷ ನಿಜವಾದದ್ದು. ಆದರೂ ಅದು ಬೇರೆ ಹೊಳೆಯಿಂದ ಸಾಲ ತಂದ ನೀರು.

ಹಾಗಾದರೆ ಗೆದ್ದನೋ ಸೋತನೋ? ಕಟ್ಟಿದವನು ಸೋಲಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಅವನ ಲೆಕ್ಕ ಸರಿಯಿತ್ತು. ಹೂಳು ತುಂಬುತ್ತದೆ ಅಂತ ಗೊತ್ತಿದ್ದೇ ಜಲಾಶಯದ ತಳದಲ್ಲಿ ಡೆಡ್ ಸ್ಟೋರೇಜ್ ಅಂತ ಒಂದು ಭಾಗವನ್ನು ನಕ್ಷೆಯಲ್ಲೇ ಬಿಡುವ ಕಸುಬು ಇದು, ತನ್ನ ಕೆಲಸಕ್ಕೂ ಸಾವಿದೆ ಅಂತ ಮೊದಲ ದಿನವೇ ಒಪ್ಪಿಕೊಳ್ಳುವ ಕಸುಬು. ಲೆಕ್ಕಕ್ಕೆ ಸಿಗದೇ ಹೋದದ್ದು ಮೇಲಿನ ಊರುಗಳ ನಡತೆ. ತಾನು ಎಂದೂ ನೋಡದ ಜನ ಹೊಳೆಯನ್ನು ಹೊಳೆಯಾಗಿಯೇ ಬಿಡುತ್ತಾರೆ ಅಂತ ನಂಬಿ ಅವನು ಗೋಡೆ ಎಬ್ಬಿಸಿದ. ಸೋತದ್ದು ಆ ನಂಬಿಕೆ, ಸೋಲಿಸಿದವರು ನಾವು.

ರಾಮನಗರದಲ್ಲಿ ಈಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಸಿವಿಲ್ ಓದುವ ಹಳ್ಳಿ ಮಕ್ಕಳಿಗೆ ಮುಂದೆ ಈ ಹೊಳೆಯ ಮೇಲೆ ಹೊಸ ಅಣೆಕಟ್ಟೆಯ ಕೆಲಸ ಸಿಗುವುದು ಕಷ್ಟ, ಕಟ್ಟುವ ಜಾಗಗಳಲ್ಲಿ ಕಟ್ಟಿಯಾಗಿದೆ. ಅವರಿಗೆ ಕಾದಿರುವುದು ಮೇಲಕ್ಕೆ ಹೋಗುವ ಕೆಲಸ: ಹೆಸರಘಟ್ಟದ ಆಚೆಯ ಕೆರೆಗಳಿಗೆ ಬರುತ್ತಿದ್ದ ಕಾಲುವೆ ಎಲ್ಲಿ ಮುಚ್ಚಿಹೋಯಿತು ಅಂತ ಹುಡುಕುವುದು, ನೀಲಗಿರಿ ಬೆಳೆದವನ ಜಗಲಿಯ ಮೇಲೆ ಕೂತು ಅವನ ಬೋರ್‌ವೆಲ್ಲಿನ ಆಳದ ಬಗ್ಗೆ ಮಾತಾಡುವುದು, ಅವನ ಸಾಲ, ಅವನ ಮಗಳ ಮದುವೆ ಎಲ್ಲ ಕೇಳಿಸಿಕೊಳ್ಳುವುದು, ಮುಂದಿನ ವರ್ಷ ಮತ್ತೆ ಹೋಗುವುದು. ಕಾಮಗಾರಿಯ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳಕ್ಕೆ ಕಾಲಂ ಇದೆ. ಈ ಕೆಲಸವನ್ನು ಬರೆಯುವುದಕ್ಕೆ ಅದರಲ್ಲಿ ಇನ್ನೂ ಕಾಲಂ ಹಾಕಿಲ್ಲ.